ಸಮಾಧಿ ಕಲ್ಲಿನ ತಪಾಸಣೆಗೆ ಕ್ಯೂಫೀಲ್ಡ್: ಜಿಪಿಎಸ್ ಬಿಡಿ, ನಕ್ಷೆ ಹಿಡಿಯಿರಿ

ಸಮಾಧಿ ಕಲ್ಲುಗಳ ಸುರಕ್ಷತಾ ತಪಾಸಣೆಗೆ ಆ್ಯಪ್ ಹುಡುಕುವವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಇವತ್ತು ನೋಡಿದ ಕಲ್ಲನ್ನು ಐದು ವರ್ಷ ಬಿಟ್ಟು ಬರುವ ಬೇರೊಬ್ಬರು ತಪ್ಪಿಲ್ಲದೆ ಗುರುತು ಹಿಡಿಯಬಲ್ಲರೇ? ಈ ಪ್ರಶ್ನೆಗೆ ಉಚಿತ ಆ್ಯಪ್‌ಗಳ ಪೈಕಿ ಸರಿಯಾದ ಉತ್ತರ ಕೊಡುವುದು ಕ್ಯೂಫೀಲ್ಡ್.

ಬ್ರಿಟನ್ನಿನಲ್ಲಿ ಇದು ಗಂಭೀರ ವಿಷಯ. 2015ರಲ್ಲಿ ಗ್ಲಾಸ್ಗೋದ ಕ್ರೇಗ್ಟನ್ ಸ್ಮಶಾನದಲ್ಲಿ ಕಲ್ಲು ಉರುಳಿ ಎಂಟು ವರ್ಷದ ಬಾಲಕ ಸತ್ತ. 2019ರಲ್ಲಿ ಸ್ಕಾಟ್ಲೆಂಡ್ ಸರ್ಕಾರ ಸ್ಥಳೀಯ ಸಂಸ್ಥೆಗಳಿಗೆ ಪ್ರತ್ಯೇಕ ಮಾರ್ಗದರ್ಶಿ ಹೊರಡಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ನ್ಯಾಯ ಸಚಿವಾಲಯದ 2009ರ ಮಾರ್ಗದರ್ಶಿ ಇದೆ. ಹೆಚ್ಚಿನ ಕಲ್ಲುಗಳಿಗೆ ಕಣ್ಣಿನ ಪರೀಕ್ಷೆ, ಕೈಯಿಂದ ತಳ್ಳಿ ನೋಡುವ ಪರೀಕ್ಷೆ ಸಾಕು ಎನ್ನುವುದು ಅದರ ನಿಲುವು. ಕಲ್ಲು ವಾಲಿದೆಯೇ, ಪೀಠದ ಸಂದಿಯಲ್ಲಿ ಗಾರೆ ಬಿಟ್ಟಿದೆಯೇ, ಪಾಯದ ಮಣ್ಣು ಕುಸಿದಿದೆಯೇ ಎಂದು ಮೊದಲು ನೋಡಬೇಕು. ಆಮೇಲೆ ಪಕ್ಕಕ್ಕೆ ನಿಂತು, ಮೇಲ್ಭಾಗವನ್ನು ನಿಧಾನವಾಗಿ ಒತ್ತಬೇಕು. ಕಲ್ಲು ಬೀಳುವ ದಿಕ್ಕಿಗೆ ಎಂದೂ ನಿಲ್ಲಬಾರದು. ಈ ಕೆಲಸವನ್ನು ಯಾವ ಆ್ಯಪ್ ಕೂಡ ಮಾಡಿಕೊಡದು. ಆ್ಯಪ್‌ನ ಕೆಲಸ, ಕೈಗೆ ತಿಳಿದದ್ದನ್ನು ಸರಿಯಾದ ಕಲ್ಲಿನ ಹೆಸರಿಗೆ ಬರೆದಿಡುವುದು.

ಎಡವುವುದೂ ಇಲ್ಲಿಯೇ. ಫೋನಿನ ಜಿಪಿಎಸ್ ಬಯಲಿನಲ್ಲೇ ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತದೆ, ಮರದಡಿ ಇನ್ನೂ ಹೆಚ್ಚು. ಸಮಾಧಿಗಳ ನಡುವೆ ಇರುವುದು ಮೂರು ನಾಲ್ಕು ಅಡಿ. ನಿಂತ ಜಾಗವನ್ನೇ ಗುರುತಾಗಿ ಉಳಿಸುವ ಸಾಮಾನ್ಯ ಸಮೀಕ್ಷಾ ಆ್ಯಪ್‌ಗಳಲ್ಲಿ ಅಲುಗುವ ಕಲ್ಲಿನ ವರದಿ ಪಕ್ಕದ ಗಟ್ಟಿ ಕಲ್ಲಿಗೆ ಅಂಟಿಬಿಡುತ್ತದೆ. ಸಂಬಂಧವೇ ಇಲ್ಲದ ಕುಟುಂಬಕ್ಕೆ ನೋಟಿಸ್ ಹೋಗುತ್ತದೆ, ಅಪಾಯದ ಕಲ್ಲು ಹಾಗೇ ನಿಂತಿರುತ್ತದೆ. ಕ್ಯೂಫೀಲ್ಡ್‌ನಲ್ಲಿ ಸ್ಮಶಾನದ ನಕ್ಷೆಯನ್ನು ಮೊದಲೇ ಕಂಪ್ಯೂಟರ್‌ನಲ್ಲಿ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ಬಳಸಿ ಸಿದ್ಧಪಡಿಸಿ, ಪ್ರತಿ ಕಲ್ಲಿಗೂ ನೋಂದಣಿ ಪುಸ್ತಕದ ಸಂಖ್ಯೆ ಕೊಟ್ಟು ಫೋನಿಗೆ ಒಯ್ಯಬಹುದು. ಸ್ಥಳದಲ್ಲಿ ಕಲ್ಲಿನ ಮೇಲಿನ ಹೆಸರು ಓದಿ, ನಕ್ಷೆಯ ಅದೇ ಚುಕ್ಕೆ ಮುಟ್ಟಿದರೆ ಆಯಿತು. ನೆಟ್‌ವರ್ಕ್ ಬೇಕಿಲ್ಲ.

ಸಿದ್ಧತೆಗೆ ತಾಳ್ಮೆ ಬೇಕು, ಕ್ಯೂಜಿಐಎಸ್ ಬಲ್ಲವರೊಬ್ಬರು ಇರಲೇಬೇಕು. ಕಲ್ಲುಗಳಿಗೆ ಒಂದು ಪಟ್ಟಿ, ತಪಾಸಣೆಗಳಿಗೆ ಬೇರೊಂದು ಪಟ್ಟಿ ಮಾಡಿ ಎರಡನ್ನೂ ಜೋಡಿಸಿ. ಎಲ್ಲವನ್ನೂ ಒಂದೇ ಸಾಲಿಗೆ ತುರುಕಿದರೆ ಹೊಸ ತಪಾಸಣೆ ಹಳೆಯದನ್ನು ಅಳಿಸುತ್ತದೆ. ನಾಳೆ ವಿಚಾರಣೆ ಬಂದರೆ ತೋರಿಸಬೇಕಾದ್ದು ಆ ಹಳೆಯದನ್ನೇ. ಜೋಡಣೆಗೆ ಒಂದು, ಎರಡು ಎಂಬ ಕ್ರಮಸಂಖ್ಯೆ ಬಳಸಬೇಡಿ. ಎರಡು ಫೋನುಗಳು ಒಂದೇ ಸಂಖ್ಯೆ ಹುಟ್ಟಿಸಿ, ಒಬ್ಬರ ಫೋಟೊ ಇನ್ನೊಬ್ಬರ ಕಲ್ಲಿಗೆ ಸೇರುತ್ತದೆ. ಪ್ರತಿ ದಾಖಲೆಗೂ ಯುಯುಐಡಿ, ಅಂದರೆ ಇನ್ನೊಂದಕ್ಕೆ ಹೊಂದದ ಉದ್ದನೆಯ ಗುರುತು, ತಾನಾಗಿ ಹುಟ್ಟುವಂತೆ ಮಾಡಿ.

ಫಲಿತಾಂಶವನ್ನು ಟೈಪ್ ಮಾಡಲು ಬಿಡದೆ ಮೂರು ಆಯ್ಕೆ ಕೊಡಿ: ತಕ್ಷಣ ಕ್ರಮ, 12 ತಿಂಗಳಲ್ಲಿ ಮರುಪರೀಕ್ಷೆ, ಐದು ವರ್ಷಕ್ಕೆ ಮುಂದಿನ ತಪಾಸಣೆ. ಮುಂದಿನ ದಿನಾಂಕ ತಾನೇ ತುಂಬಿಕೊಳ್ಳುವಂತೆ ಸೂತ್ರ ಬರೆಯಬಹುದು. 'ತಕ್ಷಣ' ಒತ್ತಿದಾಗ ಮಾತ್ರ ಏನು ಕ್ರಮ ಆಯಿತು ಎಂಬ ಪ್ರಶ್ನೆ ತೆರೆದುಕೊಳ್ಳಲಿ: ಗೂಟ ಹಾಕಿ ಪಟ್ಟಿ ಬಿಗಿದರೇ, ಬೇಲಿ ಕಟ್ಟಿದರೇ, ಮಲಗಿಸಿದರೇ. ಕಲ್ಲು ಮಲಗಿಸುವುದು ಕೊನೆಯ ದಾರಿಯಾಗಿರಬೇಕು, ಅದನ್ನು ನೋಡುವ ಮನೆಯವರಿಗೆ ಅದು ಸಣ್ಣ ನೋವಲ್ಲ. ಕಾರಣ ಬರೆಯುವ ಜಾಗವನ್ನು ಖಾಲಿ ಬಿಟ್ಟರೆ ದಾಖಲೆ ಉಳಿಯದಂತೆ ನಿರ್ಬಂಧ ಹಾಕಿ.

ಕೊರತೆಗಳೂ ಇವೆ. ಕುಟುಂಬಕ್ಕೆ ಪತ್ರ ಕಳಿಸುವುದು, ಮರುಪರೀಕ್ಷೆಗೆ ನೆನಪಿಸುವುದು ಇದರಲ್ಲಿಲ್ಲ, ಅದಕ್ಕೆ ಕಚೇರಿಯಲ್ಲಿ ಬೇರೆ ಏರ್ಪಾಡು ಬೇಕು. ಫೋಟೊಗಳು ಈ ಆ್ಯಪ್‌ನ ಆನ್‌ಲೈನ್ ಸಂಗ್ರಹವಾದ ಕ್ಯೂಫೀಲ್ಡ್‌ಕ್ಲೌಡ್‌ನ ಉಚಿತ ಜಾಗವನ್ನು ಬೇಗ ತುಂಬಿಸುತ್ತವೆ. ಅಳತೆ ತಗ್ಗಿಸಿ, ಕಲ್ಲಿಗೆ ಎರಡೇ ಚಿತ್ರ ಇಡಿ: ಮುಂಭಾಗ ಒಂದು, ಪೀಠದ ಸಂದಿ ಒಂದು. ಬಿಸಿಲಿನಲ್ಲಿ ಸಣ್ಣ ಪರದೆಯ ಮೇಲೆ ಒತ್ತೊತ್ತಾದ ಚುಕ್ಕೆಗಳು ತಪ್ಪಾಗಿ ಒತ್ತಿಹೋಗುತ್ತವೆ, ಎಂಟು ಇಂಚಿನ ಟ್ಯಾಬ್ಲೆಟ್ ವಾಸಿ.

ಪ್ರಶ್ನೆಗಳ ಶೀರ್ಷಿಕೆಯನ್ನು ಕನ್ನಡದಲ್ಲೇ ಕೊಡಬಹುದು. ಬೆಂಗಳೂರಿನ ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಂಥ ಹಳೆಯ ಜಾಗಗಳಲ್ಲಿ ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ. ನಕ್ಷೆಯೇ ಇಲ್ಲದ ಕಡೆ ಮೊದಲು ಟೇಪ್ ಹಿಡಿದು ಸಾಲು, ಸಂಖ್ಯೆ ಗುರುತಿಸಿಕೊಳ್ಳಿ. ಅದಾಗುವ ತನಕ ಈ ಆ್ಯಪ್ ಇಳಿಸಿಕೊಂಡು ಪ್ರಯೋಜನವಿಲ್ಲ.