ಗಿಡ ಅವರೆಯೋ, ಚಪ್ಪರದ ಅವರೆಯೋ: ಕೊಡಗಿನ ಹಿತ್ತಲಿಗೆ ಯಾವುದು?

ಮೊದಲ ಸಲ ಅವರೆ ಹಾಕುವವರಿಗೆ ಸಿಗುವ ಸಲಹೆ ಹೆಚ್ಚಾಗಿ ಒಂದೇ. ಹೆಬ್ಬಾಳ ಅವರೆ-4 ಎಂಬ ಗಿಡ ಅವರೆ ಹಾಕಿ, ಚಪ್ಪರದ ರಗಳೆ ಇಲ್ಲ, ಯಾವ ತಿಂಗಳಲ್ಲಿ ಬಿತ್ತಿದರೂ ಒಂದೂವರೆ ತಿಂಗಳಿಗೆಲ್ಲ ಹೂ ಬರುತ್ತದೆ. ಮಾತು ಸುಳ್ಳಲ್ಲ. ಆದರೆ ಗಿಡದ್ದು, ಚಪ್ಪರದ್ದು ಎರಡನ್ನೂ ಒಂದೇ ಹಿತ್ತಲಲ್ಲಿ ಬೆಳೆಸಿ ನೋಡಿದರೆ ಹೊಸಬರ ತಪ್ಪುಗಳನ್ನು ಹೆಚ್ಚು ತಾಳಿಕೊಳ್ಳುವುದು ಚಪ್ಪರ ಹತ್ತುವ ನಾಟಿ ಬಳ್ಳಿಯೇ. ಅದಕ್ಕೆ ಬೇಕಾದದ್ದು ಜಾಗ ಮತ್ತು ತಾಳ್ಮೆ, ಅಷ್ಟೇ.

ನಾಟಿ ಅವರೆ ಹೂ ಬಿಡಬೇಕಾದರೆ ಹಗಲು ಗಿಡ್ಡವಾಗಬೇಕು. ಕೊಡಗಿನಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್ ಕೊನೆಯದು 11 ಗಂಟೆ 25 ನಿಮಿಷದ ಆಸುಪಾಸು. ಇಷ್ಟು ಸಣ್ಣ ವ್ಯತ್ಯಾಸವೂ ಬಳ್ಳಿಗೆ ಗೊತ್ತಾಗುತ್ತದೆ. ಹಾಗಾಗಿ ಜೂನ್‌ನಲ್ಲಿ ಹಾಕಿದ ಬೀಜವೂ ಆಗಸ್ಟ್ ಕೊನೆಯಲ್ಲಿ ಹಾಕಿದ್ದೂ ಹೆಚ್ಚುಕಡಿಮೆ ಒಟ್ಟಿಗೇ ಹೂ ಬಿಡುತ್ತವೆ. ಮೊದಲಿನದರ ಬಳ್ಳಿ ದೊಡ್ಡದು, ಚಪ್ಪರ ಗಟ್ಟಿ ಬೇಕು. ಜಡಿಮಳೆ ಬೀಳುವ ಮಡಿಕೇರಿ, ಭಾಗಮಂಡಲದ ಕಡೆ ಆಗಸ್ಟ್ ಕೊನೆಯೇ ಮೇಲು, ಬೀಜ ಕೊಳೆಯುವುದು ತಪ್ಪುತ್ತದೆ. ಫೆಬ್ರವರಿಯಲ್ಲಿ ಬಿತ್ತಿದರೆ ಮಳೆಗಾಲ ಮುಗಿಯುವವರೆಗೂ ಬರೀ ಸೊಪ್ಪು. ರಾತ್ರಿಯಿಡೀ ಉರಿಯುವ ಅಂಗಳದ ದೀಪದ ಪಕ್ಕ ಚಪ್ಪರ ಹಾಕಬೇಡಿ. ಬೆಳಕು ಬೀಳುವ ಬದಿಯಲ್ಲಿ ಹೂ ತಡವಾಗುತ್ತದೆ, ಗೊಬ್ಬರ ಸಾಲದೆಂದು ಮತ್ತಷ್ಟು ಸುರಿದರೆ ಎಲೆ ಮಾತ್ರ ಹೆಚ್ಚುತ್ತದೆ.

ಹೆಬ್ಬಾಳ ಅವರೆ-4ಕ್ಕೆ ಹಗಲಿನ ಹಂಗಿಲ್ಲ, ಅದರದ್ದು ದಿನದ ಲೆಕ್ಕ. ಇದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಳಿ. ಬಿತ್ತಿ 45 ದಿನದ ಸುಮಾರಿಗೆ ಕಾಂಡದ ತುದಿಯಲ್ಲೇ ಹೂಗೊಂಚಲು ಬರುತ್ತದೆ, ಬೆಳವಣಿಗೆ ಅಲ್ಲಿಗೆ ನಿಲ್ಲುತ್ತದೆ. ಕಷ್ಟ ಇರುವುದೂ ಇಲ್ಲೇ. ಮೊದಲ 25 ದಿನದಲ್ಲಿ ಬಸವನಹುಳು ಎರಡು ಎಲೆ ತಿಂದರೆ, ನೀರು ನಿಂತು ಬೇರು ಸೊರಗಿದರೆ, ಗಿಡ ಸುಧಾರಿಸಿಕೊಳ್ಳಲು ಕಾಯುವುದಿಲ್ಲ. ಗೇಣುದ್ದ ಇದ್ದರೂ ಹೂ ಬಿಟ್ಟುಬಿಡುತ್ತದೆ, ನಾಲ್ಕು ಕಾಯಿ ಕೊಟ್ಟು ಮುಗಿಸುತ್ತದೆ. ನಾಟಿ ಬಳ್ಳಿಯನ್ನು ಹುಳು ಬುಡದವರೆಗೆ ಮೇಯ್ದರೂ ಅಕ್ಟೋಬರ್‌ನೊಳಗೆ ಮತ್ತೆ ಚಿಗುರಿ ಚಪ್ಪರ ಹತ್ತುತ್ತದೆ. ಶನಿವಾರಸಂತೆ ಕಡೆಯವರಿಗೆ ದೈತ್ಯ ಬಸವನಹುಳುವಿನ ಕಾಟ ಬೇರೆ ಹೇಳಬೇಕಿಲ್ಲ. ಅಲ್ಲಿ ಗಿಡ ಅವರೆ ಹಾಕುವುದಾದರೆ ಬೆಳಿಗ್ಗೆ, ಸಂಜೆ ಹುಳು ಆರಿಸುವ ಕೆಲಸ ಬಿಡುವಂತಿಲ್ಲ.

ಆದ್ದರಿಂದ ಗಿಡ ಅವರೆಯನ್ನು ಟ್ರೇಯಲ್ಲಿ ಮೊಳಕೆ ಬರಿಸಿ ಕಿತ್ತು ನೆಡಬೇಡಿ, ನಿಲ್ಲುವ ಜಾಗದಲ್ಲೇ ಬೀಜ ಹಾಕಿ. ಸಾಲಿನಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕೆ 15. ಗ್ರೋ ಬ್ಯಾಗಾದರೆ 12 ಇಂಚಿನದಕ್ಕೆ ಎರಡೇ ಗಿಡ. ಮಿಶ್ರಣ ಎರಡು ಪಾಲು ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ಕಾಫಿ ಸಿಪ್ಪೆ ಮನೆಯಲ್ಲೇ ರಾಶಿ ಬಿದ್ದಿದೆ ಎಂದು ಹಸಿಯಾಗಿ ತುಂಬಬಾರದು. ಪೂರ್ತಿ ಕಳಿತು ಕಪ್ಪಾಗಿ ಪುಡಿಯಾದದ್ದು ಮಾತ್ರ ಆಗುತ್ತದೆ. ನಮ್ಮ ಹುಳಿಮಣ್ಣಿಗೆ ಬಿತ್ತುವ ಎರಡು ಮೂರು ವಾರ ಮೊದಲೇ ಕೃಷಿ ಸುಣ್ಣ ಬೆರೆಸಿಡಿ, ಎಷ್ಟು ಎನ್ನುವುದನ್ನು ಮಣ್ಣು ಪರೀಕ್ಷೆ ಹೇಳುತ್ತದೆ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಯೂರಿಯಾ ಬೇಡವೇ ಬೇಡ. ಸಿಲ್ವರ್ ಓಕ್ ನೆರಳಲ್ಲಿ ಎರಡೂ ಸೋಲುತ್ತವೆ.

ಚಪ್ಪರದ ಅವರೆಗೆ ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಗುಂಡಿ, ಗುಂಡಿಗೆ ಮೂರು ಬೀಜ, ಮೊಳೆತ ಮೇಲೆ ಗಟ್ಟಿಯಾದ ಎರಡನ್ನು ಉಳಿಸಿ. ಬಳ್ಳಿ ಚಪ್ಪರ ಮುಟ್ಟಿದಾಗ ಕುಡಿ ಚಿವುಟಿದರೆ ಕವಲು ಒಡೆಯುತ್ತದೆ. ಇದೇ ಕೆಲಸವನ್ನು ಗಿಡ ಅವರೆಗೆ ಮಾಡಿದರೆ ಮೊದಲ ಗೊಂಚಲನ್ನೇ ಚಿವುಟಿ ಬಿಸಾಡಿದಂತೆ.

ಗಿಡ ಅವರೆಯನ್ನು ಯಾವಾಗ ಬೇಕಾದರೂ ಬಿತ್ತಬಹುದು ಎಂಬ ಮಾತು ಮಳೆನಾಡಿಗೆ ಪೂರ್ತಿ ಹೊಂದುವುದಿಲ್ಲ. ಜೂನ್‌ನಲ್ಲಿ ಬಿತ್ತಿದರೆ ಜುಲೈ, ಆಗಸ್ಟ್‌ನ ಜಡಿಯಲ್ಲಿ ಹೂ ಉದುರುತ್ತದೆ, ಎಲೆಗೆ ಚುಕ್ಕೆ ರೋಗ. ಕುಶಾಲನಗರದಂಥ ಮಳೆ ಕಡಿಮೆ ಇರುವ ಕಡೆ ಬೇಕಾದರೆ ನೋಡಬಹುದು. ಉಳಿದಂತೆ ಜನವರಿ ಬಿತ್ತನೆಯೇ ಲೇಸು. ನಾಟಿ ಅವರೆ ಮುಗಿಯುತ್ತಾ ಬಂದಾಗ ಇದು ಶುರುವಾಗುತ್ತದೆ. ವಾರಕ್ಕೆರಡು ಸಲ ನೀರು ಕೊಡಲೇಬೇಕು.

ಹೇನು ಎರಡಕ್ಕೂ ಬರುತ್ತದೆ. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಬೆರೆಯಲು ಸ್ವಲ್ಪ ಸೋಪು, ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ. ಕಾಯಿ ಕೊರಕವನ್ನು ಚಪ್ಪರದ ನಡುವೆ ಹುಡುಕುವುದು ಕಷ್ಟ. ಈ ಒಂದು ವಿಷಯದಲ್ಲಿ ಗಿಡ ಅವರೆ ನಿಜಕ್ಕೂ ಸುಲಭ, ತೂತು ಬಿದ್ದ ಕಾಯಿ ಕಣ್ಣೆದುರೇ ಇರುತ್ತದೆ, ಕಿತ್ತು ಹಾಕಿದರಾಯಿತು.

ರುಚಿಯಲ್ಲಿ ಸ್ಪರ್ಧೆಯೇ ಇಲ್ಲ. ಇಬ್ಬನಿ ಬಿದ್ದ ನಾಟಿ ಕಾಯಿಯನ್ನು ಸುಲಿದರೆ ಬೆರಳಿಗೆ ಅಂಟುವ ಎಣ್ಣೆ, ಆ ಸೊಗಡು, ಕೈ ತೊಳೆದರೂ ಹೋಗದು. ಗಿಡ ಅವರೆಯಲ್ಲಿ ಅದು ಅಷ್ಟಕ್ಕಷ್ಟೇ. ಅಕ್ಕಿ ರೊಟ್ಟಿಯ ಜೊತೆ ಸಾರಿಗೆ ಸಾಕು, ಹಿತಕಿದ ಬೇಳೆಗೆ ನಾಟಿಯೇ ಆಗಬೇಕು.

ಎರಡನ್ನೂ ಹಾಕಿದವರು ಬೀಜ ಉಳಿಸುವಾಗ ಹುಷಾರು. ಅವರೆ ಹೆಚ್ಚಾಗಿ ತನ್ನ ಪರಾಗದಲ್ಲೇ ಕಾಯಿ ಕಟ್ಟಿದರೂ ಜೇನು, ದುಂಬಿಗಳಿಂದ ಅಷ್ಟಿಷ್ಟು ಬೆರಕೆ ಆಗುತ್ತದೆ. ಬೆರಕೆ ಬೀಜದ ಮೊದಲ ಪೀಳಿಗೆ ನಾಟಿಯ ಕಡೆಗೇ ವಾಲುತ್ತದೆ. ಗ್ರೋ ಬ್ಯಾಗಿನಲ್ಲಿ ಹಾಕಿದ್ದು ಬಳ್ಳಿಯಾಗಿ ಕಿಟಕಿ ಸರಳು ಹತ್ತತೊಡಗಿದರೆ ಇದೇ ಕಾರಣ.