ತೇಲುವಿಕೆಯ ಪಾಠ: ಚಿತ್ರೀಕರಿಸಿದ ವೀಡಿಯೊವೋ, ನೇರ ತರಗತಿಯೋ?

ಕಾರವಾರದ ಬೈತಖೋಲ ಬಂದರಿನ ಸುತ್ತ ದುಡಿಯುವ ವಯಸ್ಕರಿಗೆ ಸಾಂದ್ರತೆ ಮತ್ತು ತೇಲುವಿಕೆಯನ್ನು ಆನ್‌ಲೈನ್‌ನಲ್ಲಿ ಕಲಿಸಲು ಮೊದಲೇ ಚಿತ್ರೀಕರಿಸಿದ ವೀಡಿಯೊ ಲೇಸೋ, ನೇರ ತರಗತಿ ಲೇಸೋ ಎಂದು ಕೇಳಿದ್ದೀರಿ.

ಸಮಯ ಮತ್ತು ಖರ್ಚಿನ ಲೆಕ್ಕದಲ್ಲಿ ಚಿತ್ರೀಕರಿಸಿದ ವೀಡಿಯೊವೇ ಮುಂದು. ನಸುಕಿನಲ್ಲಿ ದೋಣಿ ಹತ್ತುವವರನ್ನೂ ಸಂಜೆ ಮೀನು ಮಾರಿ ಮನೆಗೆ ಮರಳುವವರನ್ನೂ ಒಂದೇ ಗಳಿಗೆಯಲ್ಲಿ ಪರದೆಯ ಮುಂದೆ ಕೂರಿಸುವುದು ಆಗದ ಮಾತು. ಒಮ್ಮೆ ಇಳಿಸಿಕೊಂಡ ವೀಡಿಯೊವನ್ನು ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಟ್ಟಾಗಲೂ ನೋಡಬಹುದು.

ತಿಳಿವಳಿಕೆಯ ಮಾತು ಬೇರೆ. ಭಾರವಾದದ್ದು ಮುಳುಗುತ್ತದೆ ಎಂಬ ನಂಬಿಕೆ ವಯಸ್ಕರಲ್ಲಿ ಗಟ್ಟಿಯಾಗಿ ಬೇರೂರಿರುತ್ತದೆ. ಅದನ್ನು ಅಲುಗಾಡಿಸಲು ಮೊದಲು ಅವರಿಂದಲೇ ಊಹೆ ಹೇಳಿಸಬೇಕು. ಲೋಟದ ತಳದಲ್ಲಿ ಕುಳಿತ ತಾಜಾ ಮೊಟ್ಟೆ, ಉಪ್ಪು ಕದಡುತ್ತ ಹೋದಂತೆ ಮೆಲ್ಲನೆ ಮೇಲೇಳುವುದನ್ನು ನೇರ ತರಗತಿಯಲ್ಲಿ ಎಲ್ಲರೂ ತಮ್ಮ ಅಡುಗೆಮನೆಯಲ್ಲೇ ಮಾಡಿ ನೋಡಬಹುದು. (ಉಪ್ಪಿನಲ್ಲಿ ಜಿಪುಣತನ ಬೇಡ, ಸಮುದ್ರದ ನೀರಿನಷ್ಟು ಉಪ್ಪು ಸಾಲದು.) ಸಿಹಿನೀರಿನ ಸಾಂದ್ರತೆ ಘನ ಮೀಟರಿಗೆ ಸುಮಾರು 1000 ಕಿಲೋಗ್ರಾಂ, ಸಮುದ್ರದ್ದು ಸುಮಾರು 1025; ಆದ್ದರಿಂದ ಕಡಲಿನಿಂದ ಕಾಳಿ ನದಿಯೊಳಗೆ ಬಂದ ದೋಣಿ ತುಸು ಹೆಚ್ಚು ಮುಳುಗುತ್ತದೆ ಎಂದಾಗ ಏಳುವ ವಾದಕ್ಕೆ ವೀಡಿಯೊ ಉತ್ತರಿಸಲಾರದು.

ತಂಡಗಳು ಹಲವಿದ್ದು ಶಿಕ್ಷಕರು ಒಬ್ಬರೇ ಆಗಿದ್ದರೆ ಚಿತ್ರೀಕರಿಸಿದ್ದನ್ನೇ ಆರಿಸಿ, ಮೊಟ್ಟೆ ಮೇಲೇಳುವ ಮುನ್ನ ವೀಡಿಯೊ ನಿಲ್ಲಿಸುವಂತೆ ಸೂಚಿಸಿ. ಹತ್ತು ಹನ್ನೆರಡು ಮಂದಿಯಷ್ಟೇ ಇದ್ದು, ಮೀನುಗಾರಿಕೆಗೆ ರಜೆಯಿರುವ ಮಳೆಗಾಲದ ವಾರಗಳು ಸಿಕ್ಕರೆ, ನೆಟ್‌ವರ್ಕ್ ಒಪ್ಪುವ ಕಡೆ ನೇರ ತರಗತಿಯನ್ನೇ ನಡೆಸಿ.