'ಡಾಕ್ಟರ್ ಹೂ' ಸಂಗ್ರಹ: ಹಳೆ ಪತ್ರಿಕೆಯೋ, ಗಟ್ಟಿ ರಟ್ಟಿನ ಸಂಪುಟವೋ?

ಬ್ರಿಟನ್ನಿನ ವೈಜ್ಞಾನಿಕ ಕಲ್ಪನೆಯ ಟಿವಿ ಧಾರಾವಾಹಿ 'ಡಾಕ್ಟರ್ ಹೂ' ಕುರಿತ ಓದು ಸಂಗ್ರಹಿಸುವ ಆಸೆ, ಆದರೆ ದುಡ್ಡು, ಜಾಗ ಎರಡೂ ಕಡಿಮೆ ಅಂತೀರಾ? ಹಾಗಾದರೆ 'ಡಾಕ್ಟರ್ ಹೂ ಮ್ಯಾಗಜೀನ್' ಸರಿ. ಇಷ್ಟವಾದ ಬಿಡಿ ಸಂಚಿಕೆ ಕೊಂಡರೂ ಸಾಕು. ಅದು 1979ರಲ್ಲಿ ಬ್ರಿಟನ್ನಿನಲ್ಲಿ ವಾರಪತ್ರಿಕೆಯಾಗಿ ಶುರುವಾಯಿತು. ಮೊದಲ ಸಂಚಿಕೆಯ ಜೊತೆ ಉಜ್ಜಿ ಅಂಟಿಸುವ ಚಿತ್ರಗಳು ಉಚಿತವಾಗಿ ಬಂದಿದ್ದವು. ಕೊಳ್ಳುವ ಮುಂಚೆ ಅವು ಹಾಗೇ ಉಳಿದಿವೆಯಾ ನೋಡಿ, ಇದ್ದರೆ ಬೆಲೆ ಜಾಸ್ತಿ. ಆದರೆ ಹಳೆ ಕಾಗದ ಹಳದಿಯಾಗುತ್ತದೆ, ಪಿನ್ನು ತುಕ್ಕು ಹಿಡಿಯುತ್ತದೆ.

ಬಾಳಿಕೆಗೆ 2015ರಲ್ಲಿ ಶುರುವಾದ 'ದಿ ಕಂಪ್ಲೀಟ್ ಹಿಸ್ಟರಿ' ಮೇಲು. 90 ಸಂಪುಟ, ಗಟ್ಟಿ ರಟ್ಟು. ಸಾಲಾಗಿ ಜೋಡಿಸಿದರೆ ಬೆನ್ನುಗಳು ಸೇರಿ ಒಂದೇ ಚಿತ್ರ! ಒಂದು ಕೈತಪ್ಪಿದರೂ ಕಣ್ಣಿಗೆ ಚುಚ್ಚುತ್ತದೆ. ಕಥೆ ತಯಾರಾದ ಬಗೆ ತಿಳಿಯಬೇಕಾದರೆ ಇದನ್ನೇ ಹಿಡಿಯಿರಿ. ಆ ಕಾಲದ ಕಾಮಿಕ್ಸ್, ಓದುಗರ ಪತ್ರಗಳ ಸೊಗಸು ಬೇಕಾದರೆ ಹಳೆ ಪತ್ರಿಕೆಯೇ ಬೇಕು.